ಎಸ್‌ಎಂಎಸ್ ಒಟಿಪಿ, ಆ್ಯಪ್, ಸೆಕ್ಯುರಿಟಿ ಕೀ: ಆಫೀಸಿನಲ್ಲಿ ಎಲ್ಲವನ್ನೂ ಬಳಸಿ ನೋಡಿದ ಮೇಲೆ

ನಮ್ಮ ಆಫೀಸಿನಲ್ಲಿ ಹದಿನಾಲ್ಕು ಜನ. ಬೇರೆ ಐಟಿ ವಿಭಾಗ ಅಂತ ಇಲ್ಲ, ಎಲ್ಲರ ಅಕೌಂಟುಗಳನ್ನು ನೋಡಿಕೊಳ್ಳುವುದು ನಾನೇ. ಎರಡು ವರ್ಷದ ಹಿಂದೆ ಒಬ್ಬ ಸಹೋದ್ಯೋಗಿಯ ಇಮೇಲ್ ಪಾಸ್‌ವರ್ಡ್ ಯಾರದೋ ಕೈಗೆ ಸಿಕ್ಕಿ, ಅವರ ಹೆಸರಿನಲ್ಲಿ ಗ್ರಾಹಕರಿಗೆ ನಕಲಿ ಬಿಲ್ ಹೋಗಿತ್ತು. ಒಬ್ಬ ಗ್ರಾಹಕರು ಅನುಮಾನ ಬಂದು ಫೋನ್ ಮಾಡಿದರು, ಹಾಗಾಗಿ ಹಣ ಉಳಿಯಿತು. ಆಮೇಲೆ ಪಾಸ್‌ವರ್ಡ್ ಒಂದನ್ನೇ ನಂಬಿ ಕೂರುವ ಧೈರ್ಯ ನನಗೆ ಬರಲಿಲ್ಲ. ಎರಡನೇ ಬೀಗ ಬೇಕೇ ಬೇಕು ಅಂತ ಒಂದೊಂದನ್ನೇ ಬಳಸಿ ನೋಡಿದೆ.

ಮೊದಲು ಎಸ್‌ಎಂಎಸ್ ಒಟಿಪಿ. ಯಾರಿಗೂ ಏನೂ ಕಲಿಸಬೇಕಾಗಿಲ್ಲ, ಎಲ್ಲರಿಗೂ ಅಭ್ಯಾಸ ಇದೆ. ಒಂದೇ ದಿನದಲ್ಲಿ ಎಲ್ಲರಿಗೂ ಹಾಕಿ ಮುಗಿಸಿದೆ. ಎಲ್ಲೋ ಸೋರಿದ ಪಾಸ್‌ವರ್ಡ್ ತಂದು ನಮ್ಮಲ್ಲಿ ತುರುಕಿ ನೋಡುವ ಕಳ್ಳರನ್ನು ಇದು ಚೆನ್ನಾಗಿಯೇ ತಡೆಯುತ್ತದೆ. ಆದರೆ ಆ ಮೆಸೇಜು ಬರುವುದು ನಿಮ್ಮ ನಂಬರಿಗೆ, ನಿಮ್ಮ ಕೈಗಲ್ಲ. ಮೊಬೈಲ್ ಕಂಪನಿಯವರನ್ನು ಮಾತಿನಲ್ಲಿ ಮರುಳು ಮಾಡಿ ನಿಮ್ಮ ನಂಬರಿಗೆ ಹೊಸ ಸಿಮ್ ತೆಗೆದುಕೊಂಡರೆ ಒಟಿಪಿ ಸೀದಾ ಅವರಿಗೇ ಹೋಗುತ್ತದೆ. 2018ರಲ್ಲಿ ರೆಡಿಟ್ ಅನ್ನುವ ಚರ್ಚಾ ಸೈಟಿನ ಒಳಗೆ ಕಳ್ಳರು ನುಗ್ಗಿದ್ದು ಎಸ್‌ಎಂಎಸ್ ಕೋಡನ್ನು ನಡುದಾರಿಯಲ್ಲಿ ಹಿಡಿದೇ, ಅದನ್ನು ರೆಡಿಟ್‌ನವರೇ ಒಪ್ಪಿಕೊಂಡರು. ಏನೂ ಇಲ್ಲದಿರುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಇಲ್ಲಿಗೇ ನಿಲ್ಲಬಾರದು.

ಎರಡನೆಯದು ಕೋಡ್ ತೋರಿಸುವ ಆ್ಯಪ್. ಶುರುವಿನಲ್ಲಿ ಒಂದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುತ್ತೇವಲ್ಲ, ಅದರಲ್ಲಿ ಒಂದು ಗುಟ್ಟಿನ ಸಂಖ್ಯೆ ಇರುತ್ತದೆ. ಆ ಗುಟ್ಟನ್ನೂ ಆಗಿನ ಸಮಯವನ್ನೂ ಸೇರಿಸಿ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ 6 ಅಂಕಿ ತಯಾರಾಗುತ್ತದೆ, ಅತ್ತ ಸರ್ವರ್ ಕೂಡ ಅದೇ ಲೆಕ್ಕ ಮಾಡುತ್ತದೆ. ಹಾಗಾಗಿ ಸಿಗ್ನಲ್ ಇಲ್ಲದಿದ್ದರೂ ನಡೆಯುತ್ತದೆ, ಸಿಮ್ ಕದ್ದರೂ ಪ್ರಯೋಜನ ಇಲ್ಲ. ನನಗೆ ತಲೆನೋವಾಗಿದ್ದು ಫೋನ್ ಬದಲಾಯಿಸಿದವರದ್ದು. ಹಳೆ ಫೋನ್ ಅಳಿಸಿ ಕೊಟ್ಟುಬಿಟ್ಟು, ಹೊಸದರಲ್ಲಿ ಆ್ಯಪ್ ಖಾಲಿ ಅಂತ ಬರುತ್ತಿದ್ದರು.

ಇದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಮ್ಯಾನೇಜರ್ ಒಪ್ಪಿಗೆ ಪಡೆದು ನಾನೇ ಒಂದು ನಕಲಿ ಲಾಗಿನ್ ಪುಟ ಮಾಡಿ ಸಹೋದ್ಯೋಗಿಗಳಿಗೆ ಕಳಿಸಿದೆ. ಇಬ್ಬರು ಪಾಸ್‌ವರ್ಡ್ ಹಾಕಿದರು, ಆ್ಯಪ್ ತೆರೆದು 6 ಅಂಕಿಯನ್ನೂ ಹಾಕಿದರು. ಇಬ್ಬರೂ ಜಾಣರೇ, ಅವತ್ತು ಕೆಲಸ ಜಾಸ್ತಿ ಇತ್ತು, ಅಷ್ಟೇ. ನಿಜವಾದ ಕಳ್ಳ ಆಗಿದ್ದರೆ ಆ ಕೋಡನ್ನು ಅದೇ ಕ್ಷಣ ಅಸಲಿ ಸೈಟಿಗೆ ದಾಟಿಸಿ ಒಳಗೆ ಹೋಗಿರುತ್ತಿದ್ದ. ಕೋಡ್ ಎಸ್‌ಎಂಎಸ್‌ನಲ್ಲಿ ಬರಲಿ, ಆ್ಯಪ್‌ನಲ್ಲಿ ಬರಲಿ, ಅದನ್ನು ಟೈಪ್ ಮಾಡುವ ಮನುಷ್ಯ ಸೈಟು ಅಸಲಿಯೋ ನಕಲಿಯೋ ಅಂತ ಪ್ರತಿ ಸಲವೂ ಸರಿಯಾಗಿ ಗುರುತಿಸಲೇಬೇಕು. ವರ್ಷವಿಡೀ ಹದಿನಾಲ್ಕು ಜನ ಒಮ್ಮೆಯೂ ತಪ್ಪಬಾರದು ಅನ್ನುವುದು ನ್ಯಾಯವೇ?

ಮಧ್ಯದಲ್ಲಿ ಒಂದು ತಿಂಗಳು ಪುಶ್ ನೋಟಿಫಿಕೇಶನ್ ಕೂಡ ನೋಡಿದೆ, ‘ನೀವೇನಾ?’ ಅಂತ ಕೇಳಿ ಬಟನ್ ತೋರಿಸುತ್ತದಲ್ಲ, ಅದು. ಬಳಸಲು ಇದೇ ಸುಲಭ, ಆದರೆ ಜನ ನೋಡದೆ ಒತ್ತಿಬಿಡುತ್ತಾರೆ. 2022ರಲ್ಲಿ ಊಬರ್‌ಗೆ ಆದದ್ದು ಇದೇ: ಒಬ್ಬ ಗುತ್ತಿಗೆ ಕೆಲಸಗಾರರಿಗೆ ಮತ್ತೆ ಮತ್ತೆ ಲಾಗಿನ್ ಕೋರಿಕೆ ಬಂದು, ಕೊನೆಗೆ ಅವರು ಒಂದನ್ನು ಒಪ್ಪಿದರು. ಹೀಗಾಗದಿರಲಿ ಅಂತ, ಲಾಗಿನ್ ಪರದೆಯಲ್ಲಿರುವ ಸಂಖ್ಯೆಯನ್ನು ಫೋನಿನಲ್ಲಿ ಹಾಕುವ ಪದ್ಧತಿಯನ್ನು ಮೈಕ್ರೋಸಾಫ್ಟ್ ತನ್ನ ಆಥೆಂಟಿಕೇಟರ್ ಆ್ಯಪ್‌ನಲ್ಲಿ 2023ರ ಮೇ ತಿಂಗಳಿಂದ ಕಡ್ಡಾಯ ಮಾಡಿತು. ಪುಶ್ ಬಳಸುವುದಾದರೆ ಆ ರೀತಿಯದ್ದನ್ನೇ ಬಳಸಿ.

ಕೊನೆಗೆ ಸೆಕ್ಯುರಿಟಿ ಕೀ. ಪೆನ್‌ಡ್ರೈವ್ ತರಹದ ಸಣ್ಣ ವಸ್ತು, ಚುಚ್ಚಿ, ಪಿನ್ ಹಾಕಿ, ಮುಟ್ಟಿದರೆ ಆಯಿತು. ಒಳಗಿನ ಕೆಲಸ ನನಗೆ ತುಂಬಾ ಇಷ್ಟವಾಯಿತು. ಪ್ರತಿ ಸೈಟಿಗೂ ಬೇರೆ ಬೇರೆ ಕೀಲಿ ಜೋಡಿ (ಒಂದು ಗುಟ್ಟಾಗಿ ನಮ್ಮಲ್ಲೇ ಉಳಿಯುವುದು, ಇನ್ನೊಂದು ಸೈಟಿಗೆ ಕೊಡುವುದು) ಹುಟ್ಟುತ್ತದೆ, ಅದು ಆ ಸೈಟಿನ ವಿಳಾಸಕ್ಕೇ ಕಟ್ಟಿಹಾಕಿದಂತೆ ಇರುತ್ತದೆ. ವಿಳಾಸದಲ್ಲಿ ಒಂದು ಅಕ್ಷರ ಬೇರೆಯಾದರೂ ಕೀ ಉತ್ತರ ಕೊಡುವುದಿಲ್ಲ, ಮನುಷ್ಯ ಪೂರ್ತಿ ಮೋಸಹೋಗಿದ್ದರೂ ಸಹ. 2022ರಲ್ಲಿ ಕ್ಲೌಡ್‌ಫ್ಲೇರ್ ಅನ್ನುವ ಇಂಟರ್ನೆಟ್ ಭದ್ರತಾ ಕಂಪನಿಯ ಮೂವರು ಉದ್ಯೋಗಿಗಳು ನಕಲಿ ಪುಟದಲ್ಲಿ ಪಾಸ್‌ವರ್ಡ್ ಹಾಕಿದ್ದರು. ಆದರೂ ಕಳ್ಳರು ಒಳಗೆ ಬರಲಾಗಲಿಲ್ಲ, ಯಾಕೆಂದರೆ ಅಲ್ಲಿ ಎಲ್ಲರಿಗೂ ಕೀ ಕೊಟ್ಟಿದ್ದರು. ನನ್ನ ನಕಲಿ ಪುಟವನ್ನು ಮತ್ತೆ ಕಳಿಸಿದಾಗಲೂ ಒಬ್ಬರು ಪಾಸ್‌ವರ್ಡ್ ಹಾಕಿದರು, ಕೀ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಕಷ್ಟಗಳೂ ಇವೆ. ಕಳೆದುಹೋಗುತ್ತದೆ, ನಕಲು ಮಾಡಲು ಬರುವುದಿಲ್ಲ, ಹಾಗಾಗಿ ಒಬ್ಬೊಬ್ಬರಿಗೆ ಎರಡು ಬೇಕು. ಪಿನ್ ಸತತವಾಗಿ 8 ಸಲ ತಪ್ಪಿದರೆ ಕೀ ಲಾಕ್ ಆಗುತ್ತದೆ, ಪೂರ್ತಿ ಅಳಿಸಿ ಹೊಸದಾಗಿ ನೋಂದಾಯಿಸಬೇಕು. ನಮ್ಮ ಲೆಕ್ಕಪತ್ರದ ಹಳೆ ಸಾಫ್ಟ್‌ವೇರ್ ಇದನ್ನು ಒಪ್ಪುವುದೇ ಇಲ್ಲ. ಫೋನಿನಲ್ಲೇ ಇರುವ ಪಾಸ್‌ಕೀ ಕೂಡ ಇದೇ ತಂತ್ರ, ಖರ್ಚೂ ಇಲ್ಲ. ಆದರೆ ಅದು ಉದ್ಯೋಗಿಯ ಸ್ವಂತ ಅಕೌಂಟಿಗೆ ಸಿಂಕ್ ಆಗಬಹುದು. ಹಾಗಾಗಿ ಯಾರಾದರೂ ಕೆಲಸ ಬಿಟ್ಟ ದಿನವೇ ನಮ್ಮ ಕಡೆಯಿಂದ ಅದನ್ನು ತೆಗೆದುಹಾಕುತ್ತೇನೆ.

ಒಂದು ತಪ್ಪು ನಾನು ತಡವಾಗಿ ನೋಡಿದೆ. ಕೀ ಕೊಟ್ಟ ಮೇಲೂ ಎಸ್‌ಎಂಎಸ್ ಅನ್ನು ಬ್ಯಾಕಪ್ ಅಂತ ಹಾಗೇ ಬಿಟ್ಟಿದ್ದೆ. ‘ಬೇರೆ ವಿಧಾನ ಬಳಸಿ’ ಅಂತ ಒತ್ತಿದರೆ ಹಳೆಯ ಬಾಗಿಲು ತೆರೆದೇ ಇತ್ತು! ಮೂರು ತಿಂಗಳು ಹಾಗೇ ಇತ್ತು. ನೀವು ಕೀ ತರುವುದಿದ್ದರೆ ಅವತ್ತೇ ಆ ಸೆಟ್ಟಿಂಗ್ ನೋಡಿ.

ಈಗ ಇಮೇಲ್, ಅಡ್ಮಿನ್ ಅಕೌಂಟುಗಳಿಗೆ ಕೀ ಮಾತ್ರ. ಉಳಿದದ್ದಕ್ಕೆ ಪಾಸ್‌ಕೀ, ಅದೂ ಇಲ್ಲದ ಕಡೆ ಆ್ಯಪ್. ಎಸ್‌ಎಂಎಸ್ ಪೂರ್ತಿ ಬಂದ್. ಬೇರೆ ಯಾವ ದಾರಿಯೂ ಇಲ್ಲದಾಗ ಒಳಗೆ ಹೋಗಲು ಇರುವ ಬ್ಯಾಕಪ್ ಕೋಡುಗಳು ಕಾಗದದಲ್ಲಿ, ಬೀಗ ಹಾಕಿದ ಡ್ರಾಯರಿನಲ್ಲಿ ಇವೆ. ಹೋದ ವಾರ ಒಬ್ಬರು ಕೀ ಕಳೆದುಕೊಂಡರು. ಎದುರಿಗೆ ಬಂದು ಎರಡನೇ ಕೀ ತೋರಿಸಿದರು, ಹಳೆಯದನ್ನು ತೆಗೆದುಹಾಕಿ ಹೊಸದು ಸೇರಿಸಿದೆ, ಹತ್ತು ನಿಮಿಷದಲ್ಲಿ ಅವರು ಮತ್ತೆ ಕೆಲಸಕ್ಕೆ ಕೂತರು.