ಖಾಲಿ ಮಾಡಿಸಿ ಮಾರಿದ ಮನೆ, ಜನ ಇದ್ದಾಗಲೇ ಮಾರಿದ ಮನೆ

ನಾನು ಎರಡು ಬಾಡಿಗೆ ಮನೆ ಮಾರಿದ್ದೇನೆ. ಮೊದಲನೆಯದನ್ನು ಬಾಡಿಗೆಯವರನ್ನು ಬಿಡಿಸಿ ಮಾರಿದೆ. ಎರಡನೆಯದನ್ನು ಅವರು ಅಲ್ಲೇ ಇದ್ದಾಗ ಮಾರಿದೆ. ಇನ್ನೊಂದು ಸಲ ಮಾರಬೇಕಾಗಿ ಬಂದರೆ ಎರಡನೇ ದಾರಿಯನ್ನೇ ಹಿಡಿಯುತ್ತೇನೆ.

ಮೊದಲ ಮನೆಯ ಹೊತ್ತಿಗೆ ಎಲ್ಲರೂ ಹೇಳಿದ್ದು ಒಂದೇ ಮಾತು: ಖಾಲಿ ಮನೆ ಬೇಗ ಹೋಗುತ್ತದೆ. ನಂಬಿದೆ. ನಾಲ್ಕು ವರ್ಷ ತಪ್ಪದೆ ಬಾಡಿಗೆ ಕೊಟ್ಟಿದ್ದ ಕುಟುಂಬಕ್ಕೆ ಬೇರೆ ಮನೆ ನೋಡಿಕೊಳ್ಳಲು ಹೇಳಿದೆ. ಅವರು ಹೋದ ಮೇಲೆ ಆ ಮನೆಗೆ ಏಳು ತಿಂಗಳು ಬೀಗ. ಬಾಡಿಗೆ ನಿಂತಿತು, ಸಾಲದ ಕಂತು ನಿಲ್ಲಲಿಲ್ಲ. ಬೀರು ಸರಿಸಿದ ಕಡೆ ಗೋಡೆಯಲ್ಲಿ ಕಪ್ಪು ಗುರುತು ಕಂಡು ಸುಣ್ಣಬಣ್ಣ ಮಾಡಿಸಬೇಕಾಯಿತು. ಬಳಸದ ಬಚ್ಚಲಲ್ಲಿ ಜಾಲರಿಯ ಕೆಳಗೆ ನಿಲ್ಲುವ ನೀರು ಒಣಗಿಹೋಗಿ ಚರಂಡಿ ವಾಸನೆ ಮೇಲೆ ಬರುತ್ತಿತ್ತು. ಮನೆ ನೋಡಲು ಬಂದವರು ಮೂಗು ಮುಚ್ಚಿಕೊಂಡರು. ವಾರಕ್ಕೊಮ್ಮೆ ಹೋಗಿ ಎರಡು ಬಕೆಟ್ ನೀರು ಸುರಿಯುವುದೇ ಒಂದು ಕೆಲಸವಾಯಿತು. ತಿಂಗಳು ಕಳೆದಂತೆ ಕೊಳ್ಳುವವರು ಬೆಲೆ ಇಳಿಸುತ್ತಾ ಹೋದರು. ಖಾಲಿ ಬಿದ್ದ ಮನೆ ನನಗೆ ಹೊರೆ ಎಂದು ಅವರಿಗೂ ಗೊತ್ತಿತ್ತು.

ಒಂದು ಅನುಕೂಲ ಮಾತ್ರ ಒಪ್ಪಲೇಬೇಕು. ಬೀಗದ ಕೈ ನಮ್ಮದು, ಯಾವಾಗ ಬೇಕಾದರೂ ತೋರಿಸಬಹುದು.

ಜನ ಇರುವ ಮನೆಯಲ್ಲಿ ಕಷ್ಟ ಇರುವುದೇ ಇಲ್ಲಿ. ಮಾರುತ್ತೇನೆ ಎಂದಾಗ ಅಲ್ಲಿದ್ದ ದಂಪತಿ ಬೇಸರ ಮಾಡಿಕೊಳ್ಳಲಿಲ್ಲ. ಅಗ್ರಿಮೆಂಟ್ ಮುಗಿಯಲು ಇನ್ನೂ ಎಂಟು ತಿಂಗಳಿತ್ತು. ಅಲ್ಲಿಯವರೆಗೆ ಅದೇ ಬಾಡಿಗೆಗೆ ಇರಬಹುದು, ಕೊಂಡವರು ನನ್ನ ಜಾಗಕ್ಕೆ ಬರುತ್ತಾರೆ ಅಷ್ಟೇ ಎಂದು ವಿವರಿಸಿದ್ದೆ. ಆದರೆ ಬ್ರೋಕರ್ ನನ್ನನ್ನು ಕೇಳದೆ ಅವರಿಗೇ ನೇರ ಫೋನ್ ಮಾಡಿದರು. ಒಂದೇ ಸಂಜೆ ಮೂರು ಪಾರ್ಟಿಗಳನ್ನು ಕರೆದುಕೊಂಡು ಹೋದರು. ಮಗು ಮಲಗಿದ್ದ ಕೋಣೆಗೆ ನುಗ್ಗಿದರು. ಫೋಟೋ ತೆಗೆದರು. ಒಬ್ಬರು ಬೀರುವಿನ ಬಾಗಿಲನ್ನೂ ತೆರೆದರಂತೆ.

ರಾತ್ರಿ ಆ ತಾಯಿಯ ಫೋನ್ ಬಂತು. "ಸರ್, ಮನೆ ನಿಮ್ಮದೇ, ಇಲ್ಲ ಅನ್ನಲ್ಲ. ಆದರೆ ಇಲ್ಲಿ ಇರೋದು ನಾವು ಅಲ್ವಾ? ನಮ್ಮ ಬಟ್ಟೆಬರೆ ಅವರು ಯಾಕೆ ನೋಡಬೇಕು?" ಅವರು ಕೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ನನಗೆ ತುಂಬಾ ಬೇಜಾರಾಯಿತು.

ಮರುದಿನವೇ ಹೋಗಿ ಕೂತು ಮಾತಾಡಿದೆ. ಶನಿವಾರ ಬೆಳಿಗ್ಗೆ 10ರಿಂದ 12ರವರೆಗೆ ಮಾತ್ರ ತೋರಿಸುವುದು. ಹಿಂದಿನ ದಿನವೇ ತಿಳಿಸುವುದು. ನಾನು ಜೊತೆಗಿರುವುದು. ಅವರ ಸಾಮಾನು ಇರುವ ಫೋಟೋ ಎಲ್ಲೂ ಹಾಕದೆ, ಅವರು ಬರುವ ಮುಂಚೆ ತೆಗೆದಿದ್ದ ಫೋಟೋಗಳನ್ನೇ ಬಳಸುವುದು. ಮನೆ ಮಾರುವವರೆಗೆ ಬಾಡಿಗೆಯಲ್ಲಿ ಕಾಲು ಭಾಗ ಬಿಡುತ್ತೇನೆ ಎಂದೂ ಹೇಳಿದೆ. ಇದು ಧಾರಾಳವಲ್ಲ, ಅವರ ಶನಿವಾರಗಳನ್ನು ನಾನು ತೆಗೆದುಕೊಳ್ಳುತ್ತಿದ್ದೆನಲ್ಲ. ಬ್ರೋಕರ್‌ಗೂ ಖಡಾಖಂಡಿತವಾಗಿ ಹೇಳಿದೆ: ಮನೆಯ ನಕ್ಷೆ, ಬೆಲೆ, ಅಗ್ರಿಮೆಂಟಿನ ಅವಧಿ ಮೂರನ್ನೂ ತಿಳಿದು ಒಪ್ಪಿದವರನ್ನು ಮಾತ್ರ ಕರೆತನ್ನಿ. ಸುಮ್ನೆ ನೋಡಿ ಹೋಗುವವರು ಅಲ್ಲಿಗೆ ನಿಂತರು.

ಆಮೇಲೆ ನಾನು ಎಣಿಸಿರದ ಒಂದು ಲಾಭವೂ ಆಯಿತು. ನೀರು ಸರಿಯಾಗಿ ಬರುತ್ತದಾ, ಮೇಲಿನ ಮನೆಯ ಸದ್ದು ಕೇಳುತ್ತದಾ, ಮಳೆಗಾಲದಲ್ಲಿ ಗೋಡೆ ಒದ್ದೆಯಾಗುತ್ತದಾ ಎಂದು ಬಂದವರು ಕೇಳುವುದು ಅಲ್ಲಿ ಇರುವವರನ್ನೇ. ನಾನು ಹತ್ತು ಸಲ ಹೇಳುವುದಕ್ಕಿಂತ ಅವರು ಒಂದು ಸಲ ಹೇಳಿದರೆ ನಂಬಿಕೆ ಜಾಸ್ತಿ.

ಬ್ಯಾಂಕಿನಿಂದ ಬೆಲೆಕಟ್ಟಲು ಬರುವವರು ಮಾತ್ರ ಶನಿವಾರ ಬರಲು ಒಪ್ಪಲಿಲ್ಲ. ಅದಕ್ಕೆ ಬೇರೆ ದಿನ ಬಿಡಿ ಎಂದು ದಂಪತಿಯನ್ನು ಕೇಳಿಕೊಳ್ಳಬೇಕಾಯಿತು.

ಕಾಗದಪತ್ರದಲ್ಲಿ ಒಂದು ಕೆಲಸ ಮೊದಲೇ ಮಾಡಿ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಅವಧಿ ಎಲ್ಲಿಯವರೆಗೆ, ಮನೆಯಲ್ಲಿ ಯಾವ ವಸ್ತು ಯಾರದು ಎಂದು ಬರೆದು ಇಬ್ಬರೂ ಸಹಿ ಹಾಕಿ. ನಮ್ಮಲ್ಲಿ ನೀರಿನ ಫಿಲ್ಟರ್ ಬಾಡಿಗೆಯವರದು. ಕೊಳ್ಳುವವರು ಅದು ಮನೆಯ ಜೊತೆಗೇ ಬರುತ್ತದೆ ಅಂದುಕೊಂಡಿದ್ದರು. ಅಡ್ವಾನ್ಸನ್ನು ಮಾರಾಟದ ಹಣದಲ್ಲಿ ಕಳೆದು, ಮುಂದೆ ಹಿಂದಿರುಗಿಸುವ ಹೊಣೆ ಕೊಂಡವರದು ಎಂದು ಕರಾರಿನಲ್ಲಿ ಬರೆಸಿದೆವು. ಆ ತಿಂಗಳ ಬಾಡಿಗೆಯನ್ನು ದಿನದ ಲೆಕ್ಕದಲ್ಲಿ ಹಂಚಿಕೊಂಡೆವು.

ಬೆಲೆ? ತಾವೇ ವಾಸಕ್ಕೆ ಬರಬೇಕೆನ್ನುವವರು ಅಗ್ರಿಮೆಂಟಿನ ವಿಷಯ ಕೇಳಿಯೇ ಹಿಂದೆ ಸರಿದರು. ಉಳಿದವರು ಬಾಡಿಗೆಗಾಗಿಯೇ ಮನೆ ಕೊಳ್ಳುವವರು. ಅವರು ಬಾಡಿಗೆಯ ಲೆಕ್ಕ ನೋಡಿಯೇ ಬೆಲೆ ಹೇಳುತ್ತಾರೆ. ನಾನು ಕೇಳಿದ್ದಕ್ಕಿಂತ ಸ್ವಲ್ಪ ಕಡಿಮೆಗೆ ಕೊಟ್ಟೆ. ಆದರೂ ಮೊದಲ ಮನೆಯಲ್ಲಿ ಏಳು ತಿಂಗಳ ಬಾಡಿಗೆ, ಸುಣ್ಣಬಣ್ಣ, ಇಳಿಸಿದ ಬೆಲೆ ಎಲ್ಲ ಸೇರಿ ಕಳೆದುಕೊಂಡದ್ದಕ್ಕೆ ಹೋಲಿಸಿದರೆ ಇದು ಚಿಕ್ಕ ಮೊತ್ತ.

ಇರುವವರಿಗೇ ಮಾರುವ ದಾರಿಯೂ ಉಂಟು. ನಾನು ಕೇಳಿದ್ದು ತಡವಾಗಿ. ಅವರ ಹತ್ತಿರ ಹಣ ಕೂಡಿರಲಿಲ್ಲ. ಎಲ್ಲರಿಗಿಂತ ಮೊದಲು ಅವರನ್ನೇ ಕೇಳಬೇಕಿತ್ತು.

ನನ್ನದು ಸಂಬಳದ ಬದುಕು. ಬಾಡಿಗೆ ಎರಡು ತಿಂಗಳು ನಿಂತರೂ ಕಂತಿಗೆ ಕೈಸಾಲ ಮಾಡಬೇಕು. ಮನೆಯಲ್ಲಿರುವವರ ಜೊತೆ ಆಗಾಗ ಮಾತಾಡುವ ರೂಢಿಯೂ ಇದೆ. ಅದಕ್ಕೇ ನನಗೆ ಈ ದಾರಿ ಒಗ್ಗಿತು. ಸಾಲವಿಲ್ಲದೆ ವರ್ಷವಾದರೂ ಕಾಯಬಲ್ಲವರಿಗೆ ಖಾಲಿ ಮನೆಯಲ್ಲಿ ಒಳ್ಳೆಯ ಬೆಲೆ ಸಿಗಬಹುದು. ಇನ್ನು ಬಾಡಿಗೆ ಬಾಕಿ ಉಳಿಸಿಕೊಂಡು ಫೋನ್ ಎತ್ತದವರು ಒಳಗಿದ್ದರೆ, ಆ ಲೆಕ್ಕ ಚುಕ್ತಾ ಆಗುವವರೆಗೆ ನಾನಂತೂ ಮನೆಯನ್ನು ಮಾರಾಟಕ್ಕೆ ಇಡುವುದಿಲ್ಲ.