ಡೆಬಿಯನ್ ಜೊತೆ ಹದಿನಾಲ್ಕು ವರ್ಷ: 32 ಬಿಟ್ ಕೈಬಿಟ್ಟ ಮೇಲೆ ನಮ್ಮ ಶಾಲೆಯ ಒಂಬತ್ತು ಕಂಪ್ಯೂಟರ್‌ಗಳು

ಶಿರಸಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಕೇಂದ್ರವಿದೆ. ಮದುವೆ ಮತ್ತು ಉಪನಯನದ ಆಮಂತ್ರಣ ಪತ್ರಿಕೆ, ಯಕ್ಷಗಾನದ ಕರಪತ್ರ, ಸಹಕಾರಿ ಸಂಘಗಳ ವಾರ್ಷಿಕ ವರದಿ, ಇವು ನಿತ್ಯದ ಕೆಲಸ. 2011ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ 6ನೇ ಆವೃತ್ತಿಯನ್ನು ಹಾಕಿಕೊಂಡಂದಿನಿಂದ ಈ ಕೆಲಸವೆಲ್ಲ ಡೆಬಿಯನ್ ಮೇಲೆಯೇ ನಡೆದಿದೆ. ಇದರ ಜೊತೆಗೆ, ದೇವಿಮನೆ ಘಟ್ಟದ ದಾರಿಯಲ್ಲಿರುವ ಒಂದು ಪ್ರೌಢಶಾಲೆಯ ಒಂಬತ್ತು ಕಂಪ್ಯೂಟರ್‌ಗಳನ್ನು 2012ರಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. 2025ರ ಆಗಸ್ಟ್ 9ರಂದು ಬಿಡುಗಡೆಯಾದ ಡೆಬಿಯನ್ 13, ಅಂದರೆ ಟ್ರಿಕ್ಸಿ, 32 ಬಿಟ್‌ನ ಐ386 ಯಂತ್ರಗಳಿಗೆ, ಅಂದರೆ ಇಂದಿನ 64 ಬಿಟ್‌ಗಿಂತ ಹಿಂದಿನ ತಲೆಮಾರಿನ ಪ್ರೊಸೆಸರ್ ಇರುವವಕ್ಕೆ, ಇನ್‌ಸ್ಟಾಲರನ್ನೂ ವ್ಯವಸ್ಥೆಯ ತಿರುಳಾದ ಕರ್ನೆಲನ್ನೂ ಕೊಡುವುದನ್ನು ನಿಲ್ಲಿಸಿತು. ಆ ನಿರ್ಧಾರ ನಮ್ಮ ಶಾಲೆಯ ಕೋಣೆಗೆ ಹೇಗೆ ಬಂದು ಮುಟ್ಟಿತು, ಇಷ್ಟು ವರ್ಷ ಬಳಸಿದವನಾಗಿ ನಾನು ಅದನ್ನು ಹೇಗೆ ಕಾಣುತ್ತೇನೆ ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಡೆಬಿಯನ್ ಎಂದರೇನು ಎಂಬುದನ್ನು ಚುಟುಕಾಗಿ ಹೇಳಬೇಕು. 1993ರ ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಈ ಯೋಜನೆಗೆ ಒಡೆಯರಿಲ್ಲ. ಇದು ಯಾವ ಕಂಪನಿಯ ಉತ್ಪನ್ನವೂ ಅಲ್ಲ. ಜಗತ್ತಿನ ನಾನಾ ಕಡೆಯ ಸ್ವಯಂಸೇವಕರು ತಮ್ಮ ಬಿಡುವಿನ ವೇಳೆಯಲ್ಲಿ ಒಂದೊಂದು ತಂತ್ರಾಂಶವನ್ನು ವಹಿಸಿಕೊಂಡು, ಪರೀಕ್ಷಿಸಿ, ಪೊಟ್ಟಣ ಕಟ್ಟಿ ನಮಗೆ ಕೊಡುತ್ತಾರೆ, ಮುಖ್ಯ ತೀರ್ಮಾನಗಳನ್ನು ಮತ ಹಾಕಿ ತೆಗೆದುಕೊಳ್ಳುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಅವರ ವಾರ್ಷಿಕ ಸಮ್ಮೇಳನ ಕೊಚ್ಚಿಯಲ್ಲಿ ನಡೆದಿತ್ತು. ಹೋಗಬೇಕೆಂಬ ಆಸೆ ಬಹಳ ಇತ್ತು, ಆದರೆ ಸಂಘಗಳ ವಾರ್ಷಿಕ ವರದಿಗಳ ಹಂಗಾಮಾದ್ದರಿಂದ ಹೋಗಲಾಗಲಿಲ್ಲ.

ಟ್ರಿಕ್ಸಿಯಲ್ಲಿ ಒಟ್ಟು 69,830 ಪೊಟ್ಟಣಗಳಿವೆ. ಹೊಸದಾಗಿ ಸೇರಿದವು 14,100ಕ್ಕೂ ಹೆಚ್ಚು, ಕಾಲ ಮೀರಿದವೆಂದು ತೆಗೆದುಹಾಕಿದವು 8,840ಕ್ಕೂ ಹೆಚ್ಚು. ಹೊಸತು ಎಷ್ಟು ಬಂತು ಎಂದು ಎಲ್ಲರೂ ನೋಡುತ್ತಾರೆ, ನಾನು ನೋಡುವುದು ಎರಡನೆಯ ಸಂಖ್ಯೆಯನ್ನು. ಯಾರೂ ನೋಡಿಕೊಳ್ಳದ ಪೊಟ್ಟಣವನ್ನು ಡೆಬಿಯನ್‌ನಲ್ಲಿ ಬಹಿರಂಗವಾಗಿಯೇ ಅನಾಥವೆಂದು ಘೋಷಿಸುತ್ತಾರೆ, ಗಂಭೀರ ದೋಷ ಉಳಿದುಕೊಂಡ ಪೊಟ್ಟಣ ಮುಂದಿನ ಬಿಡುಗಡೆಯ ಪಟ್ಟಿಯಿಂದ ತಾನಾಗಿ ಹೊರಬೀಳುತ್ತದೆ. ಕಪಾಟಿನಲ್ಲಿ ಇದೆಯೆಂಬ ಕಾರಣಕ್ಕೆ ಹಾಳಾದದ್ದನ್ನು ಯಾರಿಗೂ ಕೊಡುವುದಿಲ್ಲ.

ಈ ಕತ್ತರಿ ನನಗೆ ಮೊದಲು ತಾಗಿದ್ದು 2023ರಲ್ಲಿ, ಡೆಬಿಯನ್ 12 ಬಂದಾಗ. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳಲ್ಲಿ ಬರೆದಿಟ್ಟ ಕಡತಗಳನ್ನು ಯೂನಿಕೋಡ್‌ಗೆ ಬದಲಾಯಿಸಲು ಪೈಥಾನ್ 2 ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನೊಂದು ಸಣ್ಣ ಪ್ರೋಗ್ರಾಂ ಬರೆದುಕೊಂಡಿದ್ದೆ. ಸಂಘಗಳ ಹಿಂದಿನ ವರ್ಷಗಳ ವರದಿಗಳೆಲ್ಲ ಆ ರೂಪದಲ್ಲಿಯೇ ಇದ್ದುದರಿಂದ ಅದಿಲ್ಲದೆ ನನ್ನ ಕೆಲಸ ಸಾಗುತ್ತಿರಲಿಲ್ಲ. ಪೈಥಾನ್ 2ರ ಪೋಷಣೆ 2020ರ ಜನವರಿ 1ರಂದೇ ಮುಗಿದಿತ್ತು, ಡೆಬಿಯನ್ 12ರಲ್ಲಿ ಅದು ಇರಲೇ ಇಲ್ಲ. ಅಂದು ನನಗೆ ಸಿಟ್ಟು ಬಂದದ್ದು ನಿಜ. ಆದರೆ ಒಂದು ವಾರ ಕೂತು ಅದನ್ನು ಪೈಥಾನ್ 3ಕ್ಕೆ ತಿದ್ದುವಾಗ ಬೇರೊಂದು ಸಂಗತಿ ಕಣ್ಣಿಗೆ ಬಿತ್ತು. ಹಳೆಯ ಆಸ್ಕಿ ವಿನ್ಯಾಸದಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಅದೇ ರಕಾರ ಮೊದಲು ನಿಲ್ಲಬೇಕು. ‘ಸೂರ್ಯ’ದಂತಹ ಸರಳ ಪದಗಳನ್ನು ನನ್ನ ಪ್ರೋಗ್ರಾಂ ಸರಿಯಾಗಿ ಹೊರಳಿಸುತ್ತಿತ್ತು, ಆದರೆ ‘ವಾರ್ಷಿಕ’ದಲ್ಲಿರುವಂತೆ ಅಕ್ಷರಕ್ಕೆ ಗುಣಿತದ ಚಿಹ್ನೆಯೂ ಸೇರಿದ ಕೆಲವು ಕಡೆ ರಕಾರವನ್ನು ತಪ್ಪು ಜಾಗದಲ್ಲಿ ಕೂರಿಸುತ್ತಿತ್ತು. ವರ್ಷಗಟ್ಟಲೆ ಆ ತಪ್ಪನ್ನು ನಾನು ಕೈಯಿಂದ ತಿದ್ದುತ್ತಾ ಬಂದಿದ್ದೆ, ಮೂಲವನ್ನು ಹುಡುಕಿರಲಿಲ್ಲ. ಅಂದು ತಿದ್ದಿದ ಪ್ರೋಗ್ರಾಂ ಇಂದಿಗೂ ನಿತ್ಯ ಓಡುತ್ತಿದೆ.

ಐ386ರ ವಿಷಯ ಇದಕ್ಕಿಂತ ದೊಡ್ಡದು, ಏಕೆಂದರೆ ಇಲ್ಲಿ ಹೋದದ್ದು ಒಂದು ಪೊಟ್ಟಣವಲ್ಲ, ಒಂದು ತಲೆಮಾರಿನ ಯಂತ್ರಗಳು. ಆದರೂ ಇದು ಏಕಾಏಕಿ ಆದದ್ದಲ್ಲ. 2017ರ ಡೆಬಿಯನ್ 9ರಲ್ಲಿಯೇ ಐ686ಕ್ಕಿಂತ ಹಳೆಯ ಪ್ರೊಸೆಸರ್‌ಗಳು ಹೊರಗುಳಿದಿದ್ದವು. ಡೆಬಿಯನ್‌ನಂತೆಯೇ ಲಿನಕ್ಸ್‌ನ ಇನ್ನೊಂದು ವಿತರಣೆಯಾದ ಆರ್ಚ್ ಅದೇ ವರ್ಷ 32 ಬಿಟ್ ಬೆಂಬಲವನ್ನು ಬಿಟ್ಟಿತು, 2019ರಲ್ಲಿ ಉಬುಂಟು ಮತ್ತು ಫೆಡೋರಾ ಅದೇ ಹಾದಿ ಹಿಡಿದವು. ಹೆಸರಾಂತ ವಿತರಣೆಗಳಲ್ಲಿ ಡೆಬಿಯನ್ ಬಹಳ ಕಾಲ ತಡೆದುಕೊಂಡು ನಿಂತಿತ್ತು, ನಮ್ಮ ಶಾಲೆಯ ಯಂತ್ರಗಳು 2025ರವರೆಗೆ ನಡೆದದ್ದು ಆ ತಾಳ್ಮೆಯಿಂದ.

ನಿಲ್ಲಿಸಲು ಕಾರಣವೇನೆಂದು ತಿಳಿಯಬೇಕಾದರೆ ಪೊಟ್ಟಣ ಕಟ್ಟುವವರ ಜಾಗದಲ್ಲಿ ಕೂತು ನೋಡಬೇಕು. 32 ಬಿಟ್‌ನಲ್ಲಿ ಒಂದು ಪ್ರೋಗ್ರಾಂ ಎಷ್ಟೇ ಮಾಡಿದರೂ 4 ಜಿಬಿಗಿಂತ ಹೆಚ್ಚು ಮೆಮೊರಿಯನ್ನು ತಲುಪಲಾರದು. ಇಂದಿನ ಬ್ರೌಸರ್‌ನಂತಹ ದೊಡ್ಡ ತಂತ್ರಾಂಶವನ್ನು ಕಂಪೈಲ್ ಮಾಡಿ ಕೊನೆಯಲ್ಲಿ ಒಂದುಗೂಡಿಸುವ ಹಂತಕ್ಕೆ ಆ ಜಾಗ ಸಾಲದು. ಇನ್ನೊಂದು ತೊಡಕು ಲೆಕ್ಕಾಚಾರದ್ದು: ಹಳೆಯ ಎಕ್ಸ್87 ಗಣಿತ ಘಟಕ ದಶಾಂಶ ಸಂಖ್ಯೆಗಳನ್ನು ಒಳಗೊಳಗೆ 80 ಬಿಟ್‌ನಲ್ಲಿ ಹಿಡಿದಿಟ್ಟುಕೊಳ್ಳುವುದರಿಂದ ಉತ್ತರದ ಕೊನೆಯ ಅಂಕಿ ಬೇರೆ ಯಂತ್ರಗಳ ಉತ್ತರಕ್ಕಿಂತ ಬೇರೆಯಾಗುತ್ತದೆ, ಹಾಗಾಗಿ ಎಲ್ಲೆಡೆ ತೇರ್ಗಡೆಯಾದ ಪರೀಕ್ಷೆ ಐ386ರಲ್ಲಿ ಮಾತ್ರ ಬೀಳುತ್ತದೆ. ತನ್ನ ಬಳಿ ಅಂತಹ ಯಂತ್ರವೇ ಇಲ್ಲದ ಸ್ವಯಂಸೇವಕ ರಾತ್ರಿ ಕೂತು ಆ ಕೊನೆಯ ಅಂಕಿಯ ಬೆನ್ನು ಹತ್ತಬೇಕು. ಮೊಜಿಲ್ಲಾ ಸಹ 144ನೇ ಆವೃತ್ತಿಯ ನಂತರ 32 ಬಿಟ್ ಲಿನಕ್ಸ್‌ಗೆ ಫೈರ್‌ಫಾಕ್ಸ್ ಕೊಡುವುದಿಲ್ಲವೆಂದು 2025ರಲ್ಲಿ ತಿಳಿಸಿತು.

ನಮ್ಮ ಕಡೆ ಇದು ಅರ್ಥವಾಗದ ಮಾತಲ್ಲ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧ ಹೊಡೆಯಲು ಮರ ಹತ್ತುವ ಕೊನೆಗೌಡ ಸಿಗದಿದ್ದಾಗ ಮನೆಯ ಹತ್ತಿರದ ತೋಟವನ್ನು ಉಳಿಸಿಕೊಂಡು ದೂರದ ತುಂಡನ್ನು ಬಿಟ್ಟವರು ಎಷ್ಟೋ ಮಂದಿ ಇದ್ದಾರೆ. ಬಿಟ್ಟದ್ದು ತೋಟದ ಮೇಲಿನ ಪ್ರೀತಿ ಕಡಿಮೆಯಾಗಿ ಅಲ್ಲ, ಮರ ಹತ್ತುವ ಆಳಿಲ್ಲದೆ.

ಇನ್ನು ನಮ್ಮ ಕೋಣೆಯ ಕತೆ. ಸೆಪ್ಟೆಂಬರ್‌ನಲ್ಲಿ ನಾನು ಮಾಡಿದ ತಪ್ಪನ್ನು ಮೊದಲು ಹೇಳುತ್ತೇನೆ. ಶಾಲೆಯಲ್ಲಿ 32 ಬಿಟ್ ಮಾತ್ರ ಬಲ್ಲ ಆಟಮ್ ಎನ್270 ಪ್ರೊಸೆಸರ್‌ನ ಒಂದು ನೆಟ್‌ಬುಕ್ ಇದೆ, ಊರಿನವರೊಬ್ಬರು ಕೊಟ್ಟದ್ದು. ಪ್ರತಿ ಸಲದಂತೆ ಈ ಸಲವೂ ಪೊಟ್ಟಣಗಳ ಮೂಲದ ಕಡತದಲ್ಲಿ ಬುಕ್‌ವರ್ಮ್ (ಡೆಬಿಯನ್ 12ರ ಹೆಸರು) ಎಂದಿದ್ದಲ್ಲೆಲ್ಲ ಟ್ರಿಕ್ಸಿ ಎಂದು ಬರೆದು ಅಪ್‌ಗ್ರೇಡ್ ಕೊಟ್ಟೆ. ಎಲ್ಲವೂ ಸಲೀಸಾಗಿ ಮುಗಿಯಿತು, ಯಂತ್ರ ಎದ್ದು ಕೂತಿತು, ಕನ್ನಡ ಚೆನ್ನಾಗಿಯೇ ಕಾಣುತ್ತಿತ್ತು. ವಾರದ ನಂತರ ಬೇರಾವುದೋ ಕಾರಣಕ್ಕೆ ಕರ್ನೆಲ್‌ನ ಆವೃತ್ತಿ ನೋಡಿದರೆ 6.1 ಎಂದು ತೋರಿಸಿತು. ನನ್ನ ಅಂಗಡಿಯ ಟ್ರಿಕ್ಸಿ ಯಂತ್ರದಲ್ಲಿ 6.12 ಇತ್ತು. ಟ್ರಿಕ್ಸಿಯಲ್ಲಿ ಐ386ಕ್ಕೆ ಕರ್ನೆಲ್ಲೇ ಇಲ್ಲವಾದ್ದರಿಂದ ಹಳೆಯದೇ ಉಳಿದುಕೊಂಡಿತ್ತು, ಅದಕ್ಕೆ ಇನ್ನು ಮುಂದೆ ಯಾವ ಭದ್ರತಾ ತಿದ್ದುಪಡಿಯೂ ಬರುವಂತಿರಲಿಲ್ಲ. ಐ386 ಬಳಸುವವರು ಟ್ರಿಕ್ಸಿಗೆ ಏರಬಾರದು, ಸಾಧ್ಯವಿದ್ದಲ್ಲಿ 64 ಬಿಟ್‌ನಲ್ಲಿ ಮರುಸ್ಥಾಪಿಸಬೇಕು, ಇಲ್ಲವೇ ಯಂತ್ರವನ್ನು ನಿವೃತ್ತಿಗೊಳಿಸಬೇಕು ಎಂದು ಬಿಡುಗಡೆ ಟಿಪ್ಪಣಿಯಲ್ಲಿ ಸ್ಪಷ್ಟವಾಗಿಯೇ ಬರೆದಿದ್ದಾರೆ. ಹನ್ನೆರಡು ವರ್ಷ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ನಿರಾತಂಕವಾಗಿ ಏರಿದ ಅಭ್ಯಾಸದಿಂದ ನಾನು ಅದನ್ನು ಓದಿರಲಿಲ್ಲ. ತಪ್ಪು ನನ್ನದೇ. ಆದರೂ, ಏರಿಸುವ ಹೊತ್ತಿನಲ್ಲಿಯೇ ಪರದೆಯ ಮೇಲೆ ಒಂದು ಸಾಲಿನ ಎಚ್ಚರಿಕೆ ಕಂಡು ಒಪ್ಪಿಗೆ ಕೇಳುವ ಏರ್ಪಾಡಿದ್ದರೆ ನನ್ನಂತೆ ಹಳ್ಳಿಯ ಶಾಲೆಗಳನ್ನು ನೋಡಿಕೊಳ್ಳುವವರಿಗೆ ಬಹಳ ಉಪಕಾರವಾಗುತ್ತದೆ ಎಂದು ನನಗನಿಸುತ್ತದೆ. ಒಂದು ಬೆಂಬಲವನ್ನು ನಿಲ್ಲಿಸುವಾಗ ಅದರ ಸುದ್ದಿ ಬಳಕೆದಾರ ನಿಂತ ಜಾಗಕ್ಕೇ ಹೋಗಿ ತಲುಪಬೇಕು.

ದಸರಾ ರಜೆಯಲ್ಲಿ ಉಳಿದ ಎಂಟು ಯಂತ್ರಗಳನ್ನು ಪರಿಶೀಲಿಸಿದೆ. ಮುಖ್ಯ ಶಿಕ್ಷಕಿ ಬೀಗ ತೆಗೆಸಿ, ಬಾಗಿಲಲ್ಲಿಯೇ ನಿಂತು, “ಇಷ್ಟೂ ಗುಜರಿಗೆ ಹೋಗೂದೇ ಹೌದಾ?” ಎಂದು ಕೇಳಿದರು. “ನೋಡದೇ ಹೇಳೂಲೆ ಆಗ್ತಿಲ್ಲೆ ಅಕ್ಕೋರೇ, ಒಂದೊಂದಾಗಿ ನೋಡ್ತೆ” ಎಂದೆ. ಮಳೆಗಾಲ ಕಳೆದ ಕೋಣೆಯಲ್ಲಿ ಬೂಸಲು ವಾಸನೆ ತುಂಬಿತ್ತು, ಎರಡು ಮೌಸ್‌ಗಳ ಮೇಲೆ ಬಿಳಿ ಬೂಸಲು ಕೂತಿತ್ತು. ಪ್ರತಿ ಯಂತ್ರದಲ್ಲಿಯೂ ಟರ್ಮಿನಲ್ ತೆರೆದು ಎಲ್‌ಎಸ್‌ಸಿಪಿಯು ಎಂಬ ಆದೇಶ ಕೊಟ್ಟೆ. ಅದರ ಉತ್ತರದ ಮೊದಲ ಸಾಲುಗಳಲ್ಲಿ ಪ್ರೊಸೆಸರ್ ಯಾವ ಯಾವ ಬಗೆಯಲ್ಲಿ ಕೆಲಸ ಮಾಡಬಲ್ಲುದು ಎಂಬುದು ಇರುತ್ತದೆ. ಮೊದಲನೆಯದರಲ್ಲಿ 32 ಬಿಟ್, 64 ಬಿಟ್ ಎರಡೂ ಕಂಡಾಗ ನಂಬಿಕೆಯಾಗದೆ ಇನ್ನೊಮ್ಮೆ ಕೊಟ್ಟು ನೋಡಿದೆ. ಎಂಟರಲ್ಲಿ ಆರು ಕೋರ್ 2 ಡ್ಯುಯೋ ಯಂತ್ರಗಳು, ಆರೂ 64 ಬಿಟ್‌ಗೆ ಯೋಗ್ಯವಾದವು. ಉಳಿದೆರಡು ಪೆಂಟಿಯಂ 4, ಅವು 32 ಬಿಟ್ ಮಾತ್ರ. 2012ರಲ್ಲಿ ಯಂತ್ರಗಳಲ್ಲಿ ಒಂದೊಂದೇ ಜಿಬಿ ರ‍್ಯಾಮ್ ಇದ್ದುದರಿಂದ 64 ಬಿಟ್ ಬೇಕಾಗಿಲ್ಲವೆಂದು ಭಾವಿಸಿ, ಕೈಯಲ್ಲಿದ್ದ ಒಂದು ಸಿಡಿಯಿಂದಲೇ ಎಲ್ಲಕ್ಕೂ ಐ386 ಹಾಕಿದ್ದೆ. ಹದಿಮೂರು ವರ್ಷ ಆ ಆರು ಯಂತ್ರಗಳು ಕಾರಣವಿಲ್ಲದೆ ಹಳೆಯ ಬೆಂಬಲದ ಮೇಲೆ ಭಾರ ಹಾಕಿ ನಿಂತಿದ್ದವು.

ಆರಕ್ಕೂ ಮಕ್ಕಳ ಕಡತಗಳ ಪ್ರತಿ ತೆಗೆದುಕೊಂಡು ಹೊಸದಾಗಿ 64 ಬಿಟ್‌ನ ಟ್ರಿಕ್ಸಿ ಹಾಕಿದೆ. 64 ಬಿಟ್‌ನಲ್ಲಿ ಮೆಮೊರಿ ಸ್ವಲ್ಪ ಹೆಚ್ಚು ಬೇಕಾಗುವುದರಿಂದ ಹುಬ್ಬಳ್ಳಿಯಿಂದ ಹಳೆಯ ಡಿಡಿಆರ್2 ರ‍್ಯಾಮ್ ತರಿಸಿ ಎಲ್ಲಕ್ಕೂ 4 ಜಿಬಿ ಮಾಡಿದೆ. ವೈಫೈ ಕಾರ್ಡ್ ಕೆಲಸ ಮಾಡಲು ಬೇಕಾದ ಫರ್ಮ್‌ವೇರ್ ಎಂಬ ತಂತ್ರಾಂಶ ಅನುಸ್ಥಾಪನೆಯಲ್ಲಿಯೇ ಬಂದದ್ದು ದೊಡ್ಡ ಅನುಕೂಲವಾಯಿತು. ಇದು 2022ರಲ್ಲಿ ಸದಸ್ಯರು ಮತ ಹಾಕಿ ಡೆಬಿಯನ್ 12ರಿಂದ ತಂದ ಬದಲಾವಣೆ; ಮೊದಲಾದರೆ ಪೆನ್‌ಡ್ರೈವ್‌ನಲ್ಲಿ ಅದನ್ನು ಬೇರೆಯಾಗಿ ಒಯ್ಯಬೇಕಿತ್ತು. ಗುಬ್ಬಿ ಮತ್ತು ನವಿಲು ಎಂಬ ಕನ್ನಡ ಫಾಂಟ್‌ಗಳು, ಕನ್ನಡ ಟೈಪಿಸಲು ಐಬಸ್‌ ತಂತ್ರಾಂಶದಲ್ಲಿ ಕೆಜಿಪಿ ಕೀಲಿಮಣೆ, ಲಿಬ್ರೆ ಆಫೀಸ್, ಆಡುತ್ತಾ ಕಲಿಸುವ ಜಿಕಾಂಪ್ರಿ, ಮಕ್ಕಳಿಗೆ ಬೇಕಾದ್ದೆಲ್ಲ ಪೊಟ್ಟಣಗಳಲ್ಲಿಯೇ ಸಿಕ್ಕಿತು. ಕಡಿತದಲ್ಲಿ ನಾವು ಬಳಸುವ ಕನ್ನಡದ ಪೊಟ್ಟಣಗಳಲ್ಲಿ ಒಂದೂ ಹೋಗಿಲ್ಲವೆಂಬುದನ್ನು ನಾನು ವಿಶೇಷವಾಗಿ ಗಮನಿಸಿದೆ, ಏಕೆಂದರೆ ಬಳಕೆದಾರರ ಸಂಖ್ಯೆಯನ್ನೇ ಅಳತೆಯಾಗಿ ಇಟ್ಟುಕೊಂಡಿದ್ದರೆ ಮೊದಲು ಹೋಗುತ್ತಿದ್ದುದು ಅವೇ. ಅಲ್ಲಿ ನಡೆಯುವ ಅಳತೆ, ನೋಡಿಕೊಳ್ಳಲು ಒಬ್ಬರಾದರೂ ಇದ್ದಾರೆಯೇ ಎಂಬುದು. ಅದೇ ಟ್ರಿಕ್ಸಿಯಲ್ಲಿ ರಿಸ್ಕ್-ಫೈವ್ ಎಂಬ ಬೇರೊಂದು ಬಗೆಯ 64 ಬಿಟ್ ಪ್ರೊಸೆಸರ್ ಮೊದಲ ಬಾರಿಗೆ ಅಧಿಕೃತವಾಗಿ ಸೇರಿದ್ದೂ ದುಡಿಯುವ ಕೈಗಳು ಇದ್ದುದರಿಂದ.

ಐ386 ಪೂರ್ತಿ ಅಳಿದಿಲ್ಲ ಎಂಬುದನ್ನೂ ಹೇಳಬೇಕು. ಹಳೆಯ 32 ಬಿಟ್ ಪ್ರೋಗ್ರಾಂಗಳನ್ನು 64 ಬಿಟ್ ಯಂತ್ರದ ಮೇಲೆ ಓಡಿಸಲು ಬೇಕಾದ ಪೊಟ್ಟಣಗಳು ಉಳಿದಿವೆ. 2038ರ ಜನವರಿಯಲ್ಲಿ 32 ಬಿಟ್‌ನ ಕಾಲಗಣನೆ ತುಂಬಿ ಹರಿಯುವ ತೊಂದರೆಯನ್ನು ಉಳಿದೆಲ್ಲ ಕಡೆ ಟ್ರಿಕ್ಸಿಯಲ್ಲಿ ಸರಿಪಡಿಸಿದ್ದಾರೆ, ಐ386ರಲ್ಲಿ ಮಾತ್ರ ಹಳೆಯ ಪ್ರೋಗ್ರಾಂಗಳು ಮುರಿಯಬಾರದೆಂದು ಹಾಗೆಯೇ ಬಿಟ್ಟಿದ್ದಾರೆ. ಯಾವ ಕೆಲಸಕ್ಕೆ ಉಳಿಸಿಕೊಂಡಿದ್ದೇವೆ, ಯಾವುದಕ್ಕೆ ಇಲ್ಲ ಎಂದು ಇಷ್ಟು ಬಿಡಿಸಿ ಹೇಳುವವರನ್ನು ನಾನು ನಂಬುತ್ತೇನೆ. ಎಲ್ಲವನ್ನೂ ಬೆಂಬಲಿಸುತ್ತೇವೆಂದು ಹೇಳಿ ಪರೀಕ್ಷಿಸದೆ ಕೊಟ್ಟಿದ್ದರೆ ಮಕ್ಕಳ ಕೈಯಲ್ಲಿ ನಾನು ಅದನ್ನು ಇಡುತ್ತಿರಲಿಲ್ಲ.

ನೆಟ್‌ಬುಕ್‌ಗೆ ಮತ್ತೆ ಡೆಬಿಯನ್ 12 ಹಾಕಿದ್ದೇನೆ, ಪೆಂಟಿಯಂ 4 ಯಂತ್ರಗಳೂ ಅದರಲ್ಲಿಯೇ ಇವೆ. ಆ ಮೂರನ್ನೂ ಇಂಟರ್ನೆಟ್‌ನಿಂದ ಬಿಡಿಸಿ ಎಂಟನೆಯ ತರಗತಿಯವರ ಕೀಲಿಮಣೆ ಅಭ್ಯಾಸಕ್ಕೆ ಇಟ್ಟಿದ್ದೇವೆ. ಪೆಂಟಿಯಂ 4ರಲ್ಲಿ ಒಂದರ ಫ್ಯಾನ್ ಈಗಾಗಲೇ ಸದ್ದು ಮಾಡುತ್ತಿದೆ. ಅದು ನಿಂತ ದಿನ ಅದರ ಹಾರ್ಡ್ ಡಿಸ್ಕ್ ಬಿಚ್ಚಿ ಮಕ್ಕಳಿಗೆ ತೋರಿಸಬೇಕೆಂದು ಅಕ್ಕೋರು ಈಗಲೇ ಹೇಳಿಟ್ಟಿದ್ದಾರೆ.