ನಾಲ್ಕನೇ ಸೀಟು, ಮೂರನೇ ಮಳೆಗಾಲ

ಮೊದಲೇ ಹೇಳಿಬಿಡುತ್ತೇನೆ, ಸೈಕಲ್ಲಿನ ಈ ಚರ್ಮದ ಸೀಟು ನನ್ನ ಕೆನೆ ಬಣ್ಣದ ಲೆಗ್ಗಿಂಗ್ಸ್ ಒಂದನ್ನು ಹಾಳು ಮಾಡಿದೆ. ಅದೂ ಆಫೀಸಿಗೆ ಆಡಿಟ್‌ನವರು ಬಂದ ದಿನ. ಆದರೂ ಇದನ್ನು ಸೈಕಲ್ಲಿನಿಂದ ಬಿಚ್ಚುವ ಮನಸ್ಸಾಗಿಲ್ಲ. ಮೂರು ವರ್ಷ ಆಯಿತು, ಮೀಟರಿನಲ್ಲಿ ಒಂಬತ್ತೂವರೆ ಸಾವಿರ ಕಿಲೋಮೀಟರ್ ಇದೆ. ಇನ್ನು ಬರೆಯಬಹುದು ಅನ್ನಿಸಿತು.

ನನಗೆ 46 ವರ್ಷ. ಬನಶಂಕರಿ ಎರಡನೇ ಹಂತದಿಂದ ರಿಚ್ಮಂಡ್ ಟೌನ್‌ಗೆ ವಾರಕ್ಕೆ ನಾಲ್ಕು ದಿನ ಸೈಕಲ್ಲಿನಲ್ಲೇ ಹೋಗುತ್ತೇನೆ. ಸೌತ್ ಎಂಡ್ ಸರ್ಕಲ್, ಲಾಲ್‌ಬಾಗ್ ಪಶ್ಚಿಮ ದ್ವಾರ, ಆಮೇಲೆ ಡಬಲ್ ರೋಡ್. ಒಂದು ಕಡೆಗೆ ಒಂಬತ್ತು ಕಿಲೋಮೀಟರ್, ಲೆಕ್ಕ ಇಡದಷ್ಟು ಹಂಪು. ಭಾನುವಾರ ಮನಸ್ಸು ಬಂದರೆ ಕನಕಪುರ ರಸ್ತೆ, ಬರದಿದ್ದರೆ ಗಾಡಿಗಳಿಲ್ಲದ ಕಬ್ಬನ್ ಪಾರ್ಕಿನಲ್ಲಿ ನಾಲ್ಕು ಸುತ್ತು. ರೇಸ್ ಗೀಸ್ ಏನಿಲ್ಲ. ನೆಟ್ಟಗೆ ಕೂತು ತುಳಿಯುವ ಸಾಧಾರಣ ಹೈಬ್ರಿಡ್ ಸೈಕಲ್.

ಸೈಕಲ್ಲಿನ ಜೊತೆ ಬಂದ ಸೀಟಿನ ಬಗ್ಗೆ ಹೇಳುವುದೇನಿಲ್ಲ. ಎರಡನೆಯದರ ಬಗ್ಗೆ ಹೇಳಲೇಬೇಕು, ಯಾಕೆಂದರೆ ಎಲ್ಲರೂ ಅದನ್ನೇ ಕೊಳ್ಳುತ್ತಾರೆ. ಅಂಗಡಿಗೆ ಹೋಗಿ ಸೀಟು ನೋಯುತ್ತೆ ಅಂದೆ. ಆ ಹುಡುಗ ನನ್ನ ಮುಖ ನೋಡಲಿಲ್ಲ. ಗೋಡೆಯ ಕಡೆ ತಿರುಗಿ 'ಲೇಡೀಸ್ ಸೀಟ್ ಹಾಕ್ಕೊಡ್ಲಾ ಮೇಡಂ' ಅಂದ. ಗುಲಾಬಿ ಹೊಲಿಗೆ ಹಾಕಿದ, ಇಷ್ಟು ಅಗಲದ ಜೆಲ್ ಸೀಟು. ಹೆಬ್ಬೆರಳಿನಿಂದ ಒತ್ತಿ ತೋರಿಸಿದ, 'ಸೋಫಾ ಇದ್ದಂಗೆ ಇದೆ'. ನಾನೂ ಒತ್ತಿದೆ. ಹೌದು, ಸೋಫಾನೇ. ಬೆಂಡೆಕಾಯಿಯ ತುದಿ ಮುರಿದು ನೋಡುವ ಹಾಗೆ ಸೀಟನ್ನು ಹೆಬ್ಬೆರಳಲ್ಲಿ ಒತ್ತಿ ಆರಿಸಿದೆ. ಬೆಂಡೆಕಾಯಿಗೆ ಆ ಪರೀಕ್ಷೆ ಸರಿ. ಸೀಟಿನ ಮೇಲೆ ಕೂರುವುದು ಹೆಬ್ಬೆರಳು ಅಲ್ವಲ್ಲ.

ಮೊದಲ ಇಪ್ಪತ್ತು ನಿಮಿಷ ಸ್ವರ್ಗ. ಆಮೇಲೆ ಜೋಮು. ಕನಕಪುರ ರಸ್ತೆಯಲ್ಲಿ ಇಪ್ಪತ್ತೈದು ಕಿಲೋಮೀಟರ್ ದಾಟುವಷ್ಟರಲ್ಲಿ ಕೂರುವ ಜಾಗದಲ್ಲಿ ಏನಿದೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ, ಎದ್ದು ನಿಂತು ತುಳಿದೆ, ಕೂತೆ, ಮತ್ತೆ ಎದ್ದೆ. ಮನೆಗೆ ಬಂದು ಮಂಡಿ ನೋವು ಅಂತ ಸುಳ್ಳು ಹೇಳಿದೆ. ಇದನ್ನು ಗಂಡಸರು ತಮಾಷೆ ಮಾಡಿಕೊಂಡಾದರೂ ಮಾತಾಡುತ್ತಾರೆ. ನಾವು ಅದನ್ನೂ ಮಾಡಲ್ಲ.

ಯಾಕೆ ಹೀಗಾಗುತ್ತೆ ಅಂತ ತಿಳಿದಾಗ ನನ್ನ ಪೆದ್ದುತನಕ್ಕೆ ನಗು ಬಂತು. ಕೂತಾಗ ನಮ್ಮ ಭಾರ ಬೀಳಬೇಕಾದದ್ದು ಸೊಂಟದ ಕೆಳಗಿನ ಎರಡು ಮೂಳೆಗಳ ಮೇಲೆ. ಗಟ್ಟಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಒತ್ತುತ್ತವಲ್ಲ, ಅವೇ. ಸೀಟು ತೀರಾ ಮೆತ್ತಗಿದ್ದರೆ ಆ ಮೂಳೆಗಳು ಒಳಗೆ ಇಳಿಯುತ್ತವೆ, ಜೆಲ್ ನಡುವೆ ಉಬ್ಬುತ್ತದೆ, ಭಾರವೆಲ್ಲ ಮಧ್ಯದ ಮೃದು ಭಾಗದ ಮೇಲೆ. ಅಲ್ಲಿ ಇರುವುದು ನರ, ರಕ್ತನಾಳ. ಜೋಮು ಬರದೆ ಇನ್ನೇನು ಬರುತ್ತೆ? ಒಂದು ಮಾತು, ಜೋಮು ಬಂದರೆ ಅಭ್ಯಾಸ ಆಗುತ್ತೆ ಬಿಡಿ ಅನ್ನುವವರ ಮಾತು ಕೇಳಬೇಡಿ. ಮೂಳೆ ನೋವು ಅಭ್ಯಾಸವಾಗುತ್ತದೆ. ಜೋಮು ಅಭ್ಯಾಸವಾಗಬಾರದು.

ಮೂರನೆಯದು ನಡುವೆ ಉದ್ದಕ್ಕೆ ತೂತು ಇರುವ ತೆಳ್ಳಗಿನ ಸೀಟು. ಒಳ್ಳೆಯದೇ ಇರಬಹುದು, ನನಗಲ್ಲ. ಅದು ಯಾಕೆ ಆಗಲಿಲ್ಲ ಅನ್ನುವುದನ್ನು ಹೇಳಿದ್ದು ಮಿಕ್ಸಿಯ ರಟ್ಟಿನ ಪೆಟ್ಟಿಗೆ.

ಇದನ್ನು ಎಲ್ಲರೂ ಮಾಡಿ, ಖರ್ಚಿಲ್ಲ. ಒಳಗೆ ಅಲೆ ಅಲೆ ಇರುವ ರಟ್ಟಿನ ತುಂಡನ್ನು ಮನೆಯ ಮೆಟ್ಟಿಲ ಮೇಲೆ ಇಡಿ. ತೆಳು ಬಟ್ಟೆಯಲ್ಲಿ ಅದರ ಮೇಲೆ ಕೂತು, ಸೈಕಲ್ಲಿನ ಮೇಲೆ ಬಾಗುವಷ್ಟೇ ಮುಂದಕ್ಕೆ ಬಾಗಿ, ಎರಡು ಕೈಯಿಂದ ಮೆಟ್ಟಿಲನ್ನು ಹಿಡಿದು ನಿಮ್ಮನ್ನು ಕೆಳಕ್ಕೆ ಎಳೆದುಕೊಳ್ಳಿ. ಒಂದು ನಿಮಿಷ ಬಿಟ್ಟು ಎದ್ದರೆ ರಟ್ಟಿನಲ್ಲಿ ಎರಡು ಗುಳಿ. ನಡು ನಡುವಿಗೆ ಅಳೆಯಿರಿ. ನನ್ನದು 13.5 ಸೆಂಟಿಮೀಟರ್. ನಮ್ಮ ಯಜಮಾನರದು 11. ಮಗ ಮೊದಲು ನಾಚಿಕೊಂಡ, ಆಮೇಲೆ ಅವನೂ ಕೂತ, 10.8. ಹೆಂಗಸರಿಗೆ ಸಾಮಾನ್ಯವಾಗಿ ಈ ಅಂತರ ಜಾಸ್ತಿ, ಆದರೆ ಅದೇ ನಿಯಮವಲ್ಲ, ದಪ್ಪ ಸಣ್ಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಆ ಅಳತೆಗೆ ಎರಡು ಮೂರು ಸೆಂಟಿಮೀಟರ್ ಸೇರಿಸಬೇಕು, ಏಕೆಂದರೆ ಸೀಟಿನ ಅಂಚು ಕೆಳಕ್ಕೆ ಬಾಗಿರುತ್ತೆ, ಅಲ್ಲಿ ಮೂಳೆ ನಿಲ್ಲಲ್ಲ. ನೆಟ್ಟಗೆ ಕೂತಷ್ಟೂ ಅಗಲ ಬೇಕು. ಅಂದರೆ ನನಗೆ ಹದಿನಾರರ ಮೇಲೆ ಬೇಕಿತ್ತು. ಮೂರನೇ ಸೀಟಿನ ಅಗಲ 14.5. ಎಂಟು ತಿಂಗಳು ನಾನು ಅಂಚಿನ ಮೇಲೆ ಕೂತಿದ್ದೆ!

ಚರ್ಮದ ಸೀಟಿಗೆ ಬಂದಿದ್ದು ಹೀಗೆ, ಅಗಲ ಹುಡುಕಿಕೊಂಡು. ಚರ್ಮದ ಸೀಟು ಅಂದರೆ ಎಲ್ಲರ ಬಾಯಲ್ಲೂ ಬ್ರೂಕ್ಸ್ ಬಿ17. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1866ರಲ್ಲಿ ಕುದುರೆಯ ಜೀನು, ಚರ್ಮದ ಸಾಮಾನು ಮಾಡಲು ಶುರು ಮಾಡಿದ ಕಂಪನಿ. ಮಾಲೀಕ ಜಾನ್ ಬೌಲ್ಟ್‌ಬೀ ಬ್ರೂಕ್ಸ್‌ನ ಕುದುರೆ ಸತ್ತುಹೋಯಿತಂತೆ, ಕೆಲಸಕ್ಕೆ ಹೋಗಲು ಸೈಕಲ್ ಎರವಲು ತಂದನಂತೆ, ಅದರ ಸೀಟಿಗೆ ಬೇಸತ್ತು ತಾನೇ ಒಂದು ಮಾಡಿ 1882ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದನಂತೆ. ಕುದುರೆಯ ಕತೆ ಎಷ್ಟು ನಿಜವೋ, ಬೇಸತ್ತಿದ್ದು ಮಾತ್ರ ನಾನು ಪ್ರಮಾಣ ಮಾಡಿ ನಂಬುತ್ತೇನೆ. ಬಿ17 ಬೆಲೆ ನೋಡಿ ಸುಮ್ನೆ ಮುಚ್ಚಿಟ್ಟೆ. ನನ್ನದು ಅದೇ ಆಕಾರದ, ನಮ್ಮ ದೇಶದ್ದೇ, 3,400 ರೂಪಾಯಿಯ ಸೀಟು. ಅಗಲ 17 ಸೆಂಟಿಮೀಟರ್. ಪೆಟ್ಟಿಗೆಯ ಮೇಲೆ ಹೆಸರು ಕೂಡ ಸರಿಯಾಗಿ ಅಚ್ಚಾಗಿರಲಿಲ್ಲ.

ಇದರಲ್ಲಿ ಸ್ಪಂಜು ಇಲ್ಲ, ಜೆಲ್ ಇಲ್ಲ. ದಪ್ಪ ಚರ್ಮವನ್ನು ಮುಂದೆ ಹಿಂದೆ ರಿವೆಟ್ ಹೊಡೆದು ಜೋಲಿಯ ಹಾಗೆ ಎಳೆದು ಕಟ್ಟಿರುತ್ತಾರೆ, ಅಷ್ಟೇ. ಮೊದಲ ದಿನ ಮರದ ಮಣೆ. ಎರಡನೇ ವಾರವೂ ಮಣೆಯೇ. ಐನೂರು ಆರುನೂರು ಕಿಲೋಮೀಟರ್ ಆಗುವ ಹೊತ್ತಿಗೆ ಒಂದು ಬೆಳಿಗ್ಗೆ, ಲಾಲ್‌ಬಾಗ್ ಗೋಡೆಯ ಪಕ್ಕ ಹೋಗುವಾಗ, ಸೀಟು ಇದೆ ಅನ್ನುವುದೇ ಮರೆತಿದ್ದೇನೆ ಅಂತ ನೆನಪಾಯಿತು. ಇಳಿದು ನೋಡಿದೆ. ರಟ್ಟಿನಲ್ಲಿ ಬಿದ್ದಿದ್ದ ಅದೇ ಎರಡು ಗುಳಿ, ಸ್ವಲ್ಪ ಹೊಳಪಾಗಿ, ಚರ್ಮದಲ್ಲಿ ಮೂಡಿದ್ದವು. ಎಡಗಡೆಯದು ಒಂಚೂರು ಆಳ. ನಾನು ಎಡಕ್ಕೆ ವಾಲಿ ಕೂರುತ್ತೇನೆ ಅಂತ ಗೊತ್ತಾಗಿದ್ದೇ ಆಗ, ಬಹುಶಃ ಬ್ಯಾಗು ಯಾವಾಗಲೂ ಆ ಹೆಗಲಿಗೆ ಹಾಕುವುದರಿಂದ.

ಈಗ ತಿಂಗಳಿಗೊಂದು ಭಾನುವಾರ ಜಗುಲಿಯಲ್ಲಿ ಕೂತು, ಪಕ್ಕದಲ್ಲಿ ಕಾಫಿ ಲೋಟ ಇಟ್ಟುಕೊಂಡು, ಹಳೇ ಬನಿಯನ್ ತುಂಡಿನಿಂದ ಇದಕ್ಕೆ ಮೇಣ ಹಚ್ಚುತ್ತೇನೆ. ಉಗುರಿನ ತುದಿಯಷ್ಟು ಸಾಕು. ಸ್ವಲ್ಪ ಹೊತ್ತು ಬಿಟ್ಟು ಉಜ್ಜಿದರೆ ಹುಣಸೆ ಬೀಜದ ಹೊಳಪು ಬರುತ್ತದೆ. ಅತ್ತೆಗೆ ಇದು ಹಿಡಿಸಲ್ಲ, ಚರ್ಮ ಮುಟ್ಟಿದ ಕೈಯಲ್ಲಿ ಹೂವಿನ ಬುಟ್ಟಿ ಮುಟ್ಟಬೇಡ ಅಂತಾರೆ. ತೊಳೆದುಕೊಂಡೇ ಮುಟ್ಟುತ್ತೇನೆ. ಚರ್ಮ ಬೇಡವೇ ಬೇಡ ಅನ್ನುವವರಿಗೆ ಬ್ರೂಕ್ಸ್‌ನವರದ್ದೇ ಕೇಂಬಿಯಂ ಅಂತ ರಬ್ಬರು, ಹತ್ತಿ ಬಟ್ಟೆಯದ್ದೂ ಇದೆ, ಮಳೆಗೂ ಹೆದರಲ್ಲ. ಅದೂ ನನ್ನ ಬಜೆಟ್ಟಿನದಲ್ಲ.

ಮೇಣಕ್ಕೆ ಮೊದಲು ಒಂದು ದಡ್ಡ ಕೆಲಸ ಮಾಡಿದ್ದೆ. ಅಪ್ಪನ ಹಳೇ ಕರೀ ಸೈಕಲ್ಲಿಗೆ ಸ್ಪ್ರಿಂಗಿನ ಚರ್ಮದ ಸೀಟಿತ್ತು, ಅವರು ಅದಕ್ಕೆ ಹರಳೆಣ್ಣೆ ಸವರುತ್ತಿದ್ದದ್ದು ನೆನಪು. ಅಪ್ಪ ಸವರುತ್ತಿದ್ದರು, ನಾನು ಸುರಿದೆ. ಎಣ್ಣೆ ಜಾಸ್ತಿ ಕುಡಿದರೆ ಚರ್ಮ ಸೋತು ಜೋಲುತ್ತದೆ. ಸೀಟಿನ ಮೂತಿಯ, ಅಂದರೆ ಮುಂದಿನ ಸಣ್ಣ ತುದಿಯ, ಕೆಳಗಿನ ಬೋಲ್ಟನ್ನು ಕಾಲು ಸುತ್ತು ಬಿಗಿ ಮಾಡಿ ಸರಿಮಾಡಬೇಕಾಯಿತು. ಅದನ್ನೂ ಮನಸ್ಸು ಬಂದಾಗೆಲ್ಲ ತಿರುಗಿಸಬಾರದು, ವರ್ಷಕ್ಕೊಮ್ಮೆ ಕೂಡ ಬೇಕಾಗಲ್ಲ.

ಕೂರಿಸುವ ಕೋನದ ವಿಷಯ. ಇದಕ್ಕೆ ಎರಡು ತಿಂಗಳು ಹೋಯಿತು. ಮೂತಿ ಜಾಸ್ತಿ ಮೇಲಿದ್ದರೆ ಮುಂದೆ ಒತ್ತುತ್ತೆ, ಕೆಳಗಿದ್ದರೆ ಜಾರಿ ಜಾರಿ ಕೈಯೆಲ್ಲ ನೋವು. ನನ್ನ ಸೈಕಲ್ಲಿನ ಸೀಟ್ ಕಂಬದ ಹಿಡಿಕೆಗೆ ಹಲ್ಲುಗಳಿದ್ದವು, ಒಂದು ಹಲ್ಲಿಗೆ ಕೂರಿಸಿದರೆ ಮೂತಿ ಆಕಾಶ ನೋಡುತ್ತೆ, ಮುಂದಿನದಕ್ಕೆ ಕೂರಿಸಿದರೆ ನೆಲ. ನನಗೆ ಬೇಕಾದದ್ದು ಎರಡರ ನಡುವೆ! ಕೊನೆಗೆ ಎರಡು ಬೋಲ್ಟಿನ ಕಂಬ ತಂದೆ, ಅದರಲ್ಲಿ ಕೂದಲೆಳೆಯಷ್ಟು ಸರಿಸಬಹುದು. ಮೊದಲ ಸಲ ತಂದದ್ದು ತಪ್ಪು ಅಳತೆ, ಈ ಕಂಬಗಳಲ್ಲಿ ಮಿಲಿಮೀಟರಿನ ಹತ್ತನೇ ಭಾಗವೂ ಲೆಕ್ಕ, ಹಳೆಯದರ ಮೇಲೆ ಕೆತ್ತಿರುವ ಅಂಕಿ ನೋಡಿಕೊಂಡು ಹೋಗಿ. ಪಕ್ಕದ ಮನೆಯಲ್ಲಿ ಗಾರೆ ಕೆಲಸ ನಡೆಯುತ್ತಿತ್ತು, ಮೇಸ್ತ್ರಿಯ ರಸಮಟ್ಟ ಇಸಕೊಂಡು ಬಂದು ಸೀಟಿನ ಮೇಲಿಟ್ಟು ನೋಡಿದೆ. ಮೇಸ್ತ್ರಿ ಗೋಡೆ ಬಿಟ್ಟು ಬಂದು ಅವನೇ ಕೂರಿಸಿಕೊಟ್ಟ. ಮಟ್ಟಕ್ಕಿಂತ ಮೂತಿ ಒಂದು ಎಳೆ ಮೇಲೆ, ನನಗೆ ಅದು ಸರಿ.

ಎತ್ತರವೂ ಅಷ್ಟೇ. ಸಿಗ್ನಲ್ಲಿನಲ್ಲಿ ಎರಡೂ ಕಾಲು ನೆಲಕ್ಕೆ ತಾಗಲಿ ಅಂತ ನಾವು ಸೀಟನ್ನು ತಗ್ಗಿಸಿ ಇಡುತ್ತೇವೆ. ಆಗ ಕಾಲಿನ ಮೇಲೆ ಭಾರ ಬೀಳದೆ ಎಲ್ಲವೂ ಸೀಟಿನ ಮೇಲೆ ಬೀಳುತ್ತೆ, ನೋವು ಸೀಟಿನದು ಅಂತ ಬೈಯುತ್ತೇವೆ. ಹಿಮ್ಮಡಿ ಪೆಡಲಿನ ಮೇಲಿಟ್ಟು ಪೂರ್ತಿ ಕೆಳಗೆ ತಂದರೆ ಕಾಲು ನೆಟ್ಟಗಾಗಬೇಕು. ಅದಕ್ಕಿಂತ ಎತ್ತರ ಮಾಡಿದರೆ ಸೊಂಟ ಓಲಾಡಿ ತೊಡೆ ಉಜ್ಜುತ್ತದೆ. ಭಾನುವಾರದ ಸವಾರಿಗೆ ಹಾಕುವ, ಪ್ಯಾಡ್ ಹೊಲಿದಿರುವ ಸೈಕ್ಲಿಂಗ್ ಚಡ್ಡಿಯ ಒಳಗೆ ಇನ್ನೇನೂ ಹಾಕಬಾರದು ಅಂತಲೂ ನನಗೆ ಎಂಟು ತಿಂಗಳು ಯಾರೂ ಹೇಳಲಿಲ್ಲ, ಹಾಗಾಗಿ ನಾನು ಹೇಳುತ್ತಿದ್ದೇನೆ.

ಇಷ್ಟು ಹೊಗಳಿದ ಮೇಲೆ ಮಳೆಯ ವಿಷಯ ಹೇಳದೆ ಇರಲಾಗಲ್ಲ. ಬೆಂಗಳೂರಿನಲ್ಲಿ ಚರ್ಮದ ಸೀಟು ಇಟ್ಟುಕೊಳ್ಳುವುದು ಮನೆಯಲ್ಲಿ ಸಿಡುಕಿನ ನೆಂಟರನ್ನು ಇಟ್ಟುಕೊಂಡ ಹಾಗೆ, ಯಾವ ಹೊತ್ತಿಗೆ ಏನೋ ಅಂತ ಒಂದು ಕಣ್ಣು ಅತ್ತಲೇ. ಮೇ ತಿಂಗಳ ಸಂಜೆ ನಾಲ್ಕಕ್ಕೆ ಬಿಸಿಲು, ನಾಲ್ಕೂಕಾಲಿಗೆ ಆಲಿಕಲ್ಲು. ನೆನೆದ ಚರ್ಮದ ಮೇಲೆ ಕೂತು ತುಳಿದರೆ ಅದು ಎಳೆದುಕೊಂಡು ಆಕಾರ ಕೆಡುತ್ತದೆ, ಬಿಸಿಲಿಗೋ ಹೀಟರಿಗೋ ಇಟ್ಟು ಒಣಗಿಸಿದರೆ ಬಿರಿಯುತ್ತದೆ, ನೆರಳಲ್ಲೇ ಆರಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ಬ್ಯಾಗಿನಲ್ಲಿ ಶವರ್ ಕ್ಯಾಪ್ ಕಡ್ಡಾಯ. ಸೀಟಿಗೆ ಹೊಲಿಸಿದ ಹಾಗೆ ಕೂರುತ್ತದೆ. ಆಫೀಸಿನ ಸ್ಟ್ಯಾಂಡಿನಲ್ಲಿ ಎರಡು ಸಲ ಕಳ್ಳತನವಾಗಿದೆ, ಎರಡು ಸಲವೂ ಸೀಟು ಬಿಟ್ಟು ಕ್ಯಾಪ್ ಮಾತ್ರ ಹೋಗಿದೆ.

ಆ ಆಡಿಟ್ ದಿನ ಕ್ಯಾಪ್ ಇರಲಿಲ್ಲ. ಡಬಲ್ ರೋಡಿನಲ್ಲಿ ಹತ್ತೇ ನಿಮಿಷದ ತುಂತುರು. ಜೇನುಕಂದು ಬಣ್ಣ ಅಂತ ಪೆಟ್ಟಿಗೆಯಲ್ಲಿ ಬರೆದಿದ್ದರಲ್ಲ, ಆ ಬಣ್ಣ ಪೂರ್ತಿ ನನ್ನ ಬೆನ್ನ ಹಿಂದೆ. ಹಿಂದಿನಿಂದ ನೋಡಿದವರಿಗೆ ಅದು ಏನು ಅನ್ನಿಸುತ್ತೆ ಅಂತ ಹೆಂಗಸರಿಗೆ ಹೇಳಬೇಕಾಗಿಲ್ಲ. ಜೊತೆಯವಳೊಬ್ಬಳು ಪಕ್ಕಕ್ಕೆ ಕರೆದು ತನ್ನ ದುಪಟ್ಟಾ ಕೊಟ್ಟಳು, ಸೀಟಿನ ಬಣ್ಣ ಕಣೇ ಅಂದರೂ ನಂಬಲಿಲ್ಲ. ಇಡೀ ದಿನ ಸೊಂಟಕ್ಕೆ ದುಪಟ್ಟಾ ಕಟ್ಟಿಕೊಂಡು ವೋಚರ್ ತೋರಿಸಿದೆ. ಮಾರಿದವರಿಗೆ ಬರೆದರೆ 'ಅದು ಚರ್ಮದ ಗುಣ' ಅಂತ ಒಂದು ಸಾಲು ಉತ್ತರ. ಚರ್ಮದ ಗುಣ ಅಲ್ಲ, ಕೊಡುವ ಮೊದಲು ಒದ್ದೆ ಬಿಳಿ ಬಟ್ಟೆಯಲ್ಲಿ ಒಮ್ಮೆ ಒರೆಸಿ ನೋಡದ ಗುಣ. ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಮೊದಲ ವರ್ಷ ಪೂರ್ತಿ ಕಪ್ಪು, ಕಡುನೀಲಿ ಬಿಟ್ಟು ಬೇರೆ ಬಣ್ಣ ತೊಟ್ಟಿಲ್ಲ. ಈಗ ಬಣ್ಣ ಬಿಡುವುದು ನಿಂತಿದೆ, ಆದರೆ ಕೆನೆ ಬಣ್ಣದ ಬಟ್ಟೆ ಕೊಳ್ಳುವ ಧೈರ್ಯ ಬಂದಿಲ್ಲ.

ಹಾಗಾದರೆ ತಗೋಬಹುದಾ? ಸೈಕಲ್ ನಿಲ್ಲಿಸಲು ಸೂರು ಇದ್ದು, ಆರುನೂರು ಕಿಲೋಮೀಟರ್ ಕಾಯುವ ತಾಳ್ಮೆ ಇದ್ದರೆ ತಗೊಳ್ಳಿ. ವಾರಕ್ಕೊಮ್ಮೆ ಹಾಲು ತರಲು ಹೋಗುವವರಿಗೆ ಇದು ಯಾವತ್ತೂ ಮಣೆಯಾಗಿಯೇ ಉಳಿಯುತ್ತೆ. ಕೂತು ನೋಡಿ ಕೊಳ್ಳೋಣ ಅಂತ ನನ್ನದನ್ನು ಕೇಳಬೇಡಿ. ನಮ್ಮ ಯಜಮಾನರು ಒಮ್ಮೆ ತರಕಾರಿಗೆ ಅಂತ ಒಯ್ದು, ಅರ್ಧ ದಾರಿ ತಳ್ಳಿಕೊಂಡು ಬಂದರು.

ಗುಲಾಬಿ ಹೊಲಿಗೆಯದು ಗುಜರಿಗೆ ಹೋಯಿತು. ಮೂರನೆಯದು, ತೂತಿರುವುದು, ಹೊಸದರಂತೆ ಅಟ್ಟದ ಮೇಲಿದೆ. ಮಿಕ್ಸಿ ಪೆಟ್ಟಿಗೆ ಪರೀಕ್ಷೆಯಲ್ಲಿ ಯಾರಿಗಾದರೂ ಹನ್ನೊಂದರ ಆಸುಪಾಸು ಬಂದರೆ ಹೇಳಿ, ಕೊಟ್ಟುಬಿಡುತ್ತೇನೆ. ದುಡ್ಡು ಬೇಡ, ಬರುವಾಗ ಎರಡು ಶವರ್ ಕ್ಯಾಪ್ ತನ್ನಿ.